ಜೋಡುತಲೆಯ ಒಂದು ತಲೆ

ಗುಡ್ಡ ಜರಿದಿದೆ ಎಂದು ನನ್ನ ಗಂಡ ಹೇಳುವುದಕ್ಕೆ ಶುರು ಮಾಡಿ ಎರಡು ತಿಂಗಳಾಗಿತ್ತು. ಮನೆಯೊಳಗೆ ಹೇಳಿದ್ದರೆ ನಾನೂ ಮಗಳೂ ಹೂಂ ಅಂದು ಸುಮ್ಮನಾಗುತ್ತಿದ್ದೆವು. ಇವರು ಗಂಗೊಳ್ಳಿ ಬಂದರಿನಲ್ಲಿ, ಮೀನು ಏಲಂ ಆಗುವ ಹೊತ್ತಿಗೆ, ನಾಲ್ಕು ಜನರ ನಡುವೆ ನಿಂತು ಹೇಳುತ್ತಿದ್ದರು. ಜನ ಮೊದಲು ಕೇಳಿದರು, ಆಮೇಲೆ ನಕ್ಕರು, ಈಚೆಗೆ ಇವರು ಬರುವುದು ಕಂಡರೆ ಬುಟ್ಟಿ ಎತ್ತಿಕೊಂಡು ಆಚೆ ಹೋಗುತ್ತಿದ್ದರು. ಅದೇ ಬಂದರಿನಲ್ಲಿ ಮೀನು ಬೇರ್ಪಡಿಸುವ ಕೆಲಸ ನನ್ನದು. ನನ್ನ ಎದುರಿಗೇ ನಗುವುದಕ್ಕೂ ಯಾರಿಗೂ ಸಂಕೋಚ ಇರಲಿಲ್ಲ.

ಆ ಗುಡ್ಡಕ್ಕೆ ನಮ್ಮವರು ಜೋಡುತಲೆ ಎನ್ನುತ್ತಾರೆ. ಊರೊಳಗಿಂದ ಕಾಣುವುದಿಲ್ಲ, ತೆಂಗಿನ ತೋಟ ಅಡ್ಡ. ಅಲೆ ತಡೆಯುವ ಬ್ರೇಕ್‌ವಾಟರಿನ ತುದಿಗೆ ಹೋದರೆ ಕಾಣುತ್ತದಂತೆ. ಅಲ್ಲಿವರೆಗೆ ನಡೆದು ಗುಡ್ಡ ನೋಡುವ ಪುರುಸೊತ್ತು ನನಗೆ ಯಾವತ್ತೂ ಸಿಗಲಿಲ್ಲ. ಬೋಟಿನಲ್ಲಿ ಹೊರಗೆ ಹೋದಷ್ಟೂ ಅದು ಚೆನ್ನಾಗಿ ಕಾಣುವುದು, ಘಟ್ಟದ ಸಾಲಿನಲ್ಲಿ ಎರಡು ತಲೆ ಎತ್ತಿಕೊಂಡು. ನನ್ನ ಮಾವ ಮುತ್ತ ತಮ್ಮ ಕಾಲದಲ್ಲಿ ದೊಡ್ಡ ತಾಂಡೇಲ. ಬೋಟು ನಡೆಸುವ ಆ ಕೆಲಸವನ್ನು ಮಗನಿಗೆ ಕಲಿಸುವಾಗ ಅವರು ಕೊಟ್ಟ ಲೆಕ್ಕ ಇದು: ಕೈ ನೀಳಕ್ಕೆ ಚಾಚಿ ತೋರುಬೆರಳು ಎತ್ತು. ಎರಡು ತಲೆಯ ನಡುವಿನ ಸಂದಿನಲ್ಲಿ ಬೆರಳು ಹಿಡಿಸಿದರೆ ನೀನು ಪಾರೆಗಿಂತ, ಅಂದರೆ ನೀರಿನಡಿಯ ಬಂಡೆಗಿಂತ, ಬಡಗಿನಲ್ಲಿದ್ದಿ, ಧೈರ್ಯವಾಗಿ ದಡಕ್ಕೆ ತಿರುಗು. ಸಂದು ಮುಚ್ಚಿದರೆ ಆ ಪಾರೆ ನಿನ್ನ ಎದುರಿಗೇ ಇದೆ, ತಿರುಗಬೇಡ. ಇಪ್ಪತ್ತೆರಡು ವರ್ಷ ಇವರು ಆ ಬೆರಳಿನ ಅಳತೆಯಲ್ಲೇ ಬೋಟು ತಂದವರು. ಜಿಪಿಎಸ್ ಮಿಶಿನು ಬಂದ ಮೇಲೂ ಅದನ್ನು ಜತೆಗೆ ಬೋಟಿಗೆ ಬರುವ ಶೀನನ ಕೈಗೆ ಕೊಟ್ಟು ತಾವು ಬೆರಳು ಎತ್ತುತ್ತಿದ್ದರು.

ಅಕ್ಟೋಬರಿನಲ್ಲಿ ಒಂದು ಸಂಜೆ, ತೆಂಕಿನ ಮಲ್ಪೆ ಬದಿಯಿಂದ ಬೋಟು ತಿರುಗಿ ಬರುವಾಗ, ಪಾರೆ ಇನ್ನೂ ಮುಂದಿದೆ ಎಂದು ಮಿಶಿನು ನೋಡಿ ಶೀನ ಹೇಳಿದ. ಇವರು ಬೆರಳು ಎತ್ತಿದರು. ಬೆರಳು ಸಂದಿನಲ್ಲಿ ಸರಿಯಾಗಿ ಕೂತಿತು. ಪಾರೆ ದಾಟಿ ಆಯಿತು, ಮಿಶಿನಿಗೆ ಮಳೆನೀರು ಹೋಗಿ ಹುಚ್ಚು ಹಿಡಿದಿದೆ ಎಂದು ಶೀನನಿಗೇ ಗದರಿಸಿ ದಡಕ್ಕೆ ತಿರುಗಿಸಿದರು. ಬೋಟಿನ ಅಡಿ ಒಡೆಯಿತು. ಬೇರೆ ಬೋಟಿನವರು ಬಂದು ಎಲ್ಲರನ್ನೂ ಎತ್ತಿಕೊಂಡರು. ಬಲೆ ಎಳೆಯುವ ವಿಂಚಿನ ಅಡಿಗೆ ಬಿದ್ದ ಶೀನನ ಎಡಗಾಲು ಎರಡು ಕಡೆ ಮುರಿದಿತ್ತು.

ಮಳೆಗಾಲದಲ್ಲಿ ಒಂದು ತಲೆಯ ಅಂಚು ಜರಿದು ಸಂದು ಅಗಲವಾಗಿದೆ, ಅದಕ್ಕೇ ಹಿಡಿಸಬಾರದ ಜಾಗದಲ್ಲಿ ಬೆರಳು ಹಿಡಿಸಿತು ಎನ್ನುವುದು ಇವರ ವಾದ. ಕಣ್ಣಿನ ಡಾಕ್ಟರರು ಕಣ್ಣು ಸರಿ ಇದೆ ಎಂದರು. ಇವರು ಕುಡಿಯುವವರಲ್ಲ. ಹಾಗಾದರೆ ಉಳಿದದ್ದು ತಲೆ ಎಂದು ಬಂದರಿನವರು ತೀರ್ಮಾನ ಮಾಡಿಬಿಟ್ಟಿದ್ದರು. ಶೀನ ಮಾತ್ರ, ಮಂಚದ ಮೇಲೆ ಕಾಲು ಚಾಚಿಕೊಂಡು, ಕೇಳಿದವರಿಗೆಲ್ಲ ಗುಡ್ಡ ಜರಿದಿರಬೇಕು ಎಂದೇ ಹೇಳುತ್ತಿದ್ದ. ಕೊನೆಗೆ ಬೋಟಿನ ಸಾಹುಕಾರ್ರು ಕರೆಸಿ ಒಂದು ದಾರಿ ತೋರಿಸಿದರು.

"ಜರ್ದದ್ದ್ ಹೌದಾರೆ ಒಂದ್ ಫೋಟೋ ತಕಂಡ್ ಬಾ ರವಿಚಂದ್ರ. ಇವರೆಲ್ಲರ್ ಬಾಯ್ ಮುಚ್ಚತ್ತ್. ಬೋಟ್ ರಿಪೇರಿ ಆದ್ ಕೂಡ್ಲೆ ನೀನೇ ಹತ್ತ್."

ಹೀಗೆ ನಾವು ಗುಡ್ಡ ಹತ್ತುವುದಕ್ಕೆ ಹೊರಟೆವು. ನಾನು ಯಾಕೆ ಹೋದೆ ಎಂದರೆ, ಇವರನ್ನು ಒಬ್ಬರೇ ಬಿಡುವ ಧೈರ್ಯ ನನಗಿರಲಿಲ್ಲ. ಇನ್ನೊಂದು ಕಾರಣವೂ ಇತ್ತು, ಅದನ್ನು ಇವರಿಗೆ ಹೇಳಿರಲಿಲ್ಲ. ಕೆಟ್ಟಿರುವುದು ಗುಡ್ಡವೋ ಇವರ ಬುದ್ಧಿಯೋ ಎಂದು ನನಗೆ ನನ್ನ ಕಣ್ಣಿನಿಂದಲೇ ನೋಡಬೇಕಿತ್ತು. ಮಗಳು ಸುಪ್ರೀತಾ ಸೆಕೆಂಡ್ ಪಿಯುಸಿ. ಅವಳು ಫೋನಿನ ನಕ್ಷೆಯಲ್ಲಿ ಹುಡುಕಿ, ಸಮುದ್ರದ ಕಡೆಗೆ ಮುಖ ಮಾಡಿದ ಬೋಳುನೆತ್ತಿಯ ಗುಡ್ಡ ಇದೊಂದೇ ಎಂದು ಗುರುತು ಹಾಕಿ ಕೊಟ್ಟಳು. ಫೋಟೋ ತೆಗೆಯುವಾಗ ಕೈ ನಡುಗಿಸಬೇಡ ಎಂದೂ ಹೇಳಿದಳು.

ಸ್ಕೂಟರಿನಲ್ಲಿ ಹೊರಟಾಗ ಇನ್ನೂ ಬೆಳಕು ಹರಿಯುತ್ತಿತ್ತು. ಯಡ್ತರೆಯಲ್ಲಿ ಹೆದ್ದಾರಿ ಬಿಟ್ಟು ಮೂಡು ದಿಕ್ಕಿಗೆ ತಿರುಗಿದೆವು. ಅಲ್ಲಿಂದಲೇ ಗಲಿಬಿಲಿ ಶುರುವಾಯಿತು. ಬೋಟಿನಲ್ಲಿ ದೂರ ಹೋದಷ್ಟೂ ಕಾಣುವ ಗುಡ್ಡ, ಹತ್ತಿರ ಹೋದಷ್ಟೂ ಇಲ್ಲವಾಗುತ್ತಾ ಬಂತು. ಮೊದಲು ಮರಗಳ ಮೇಲೆ ಒಂದು ನೀಲಿ ಬೆನ್ನು ಕಂಡಿತು. ಆಮೇಲೆ ಮರಗಳೇ ಉಳಿದವು. ಚಾ ಅಂಗಡಿಯಲ್ಲಿ ಜೋಡುತಲೆ ಎಲ್ಲಿ ಎಂದು ಕೇಳಿದರೆ, ಅಂಥ ಹೆಸರಿನ ಗುಡ್ಡ ಈ ಸೀಮೆಯಲ್ಲಿಲ್ಲ ಎಂದು ಅಂಗಡಿಯವನು ನಮ್ಮ ಮುಖ ನೋಡಿದ. ನಿಮ್ಮ ತಲೆಯ ಮೇಲೇ ಇದೆಯಲ್ಲ ಎಂದು ಇವರು ಸಿಟ್ಟಾದರು. ಅವನು ತಲೆಯ ಮೇಲೆ ನೋಡಿದ, ಅಲ್ಲಿ ಸೋಗೆ ಹೊದಿಸಿದ ಮಾಡು ಇತ್ತು.

ರಸ್ತೆ ಮುಗಿಯುವಲ್ಲಿ ಕೊನೆಯ ಮನೆ ಅಕ್ಕುವಿನದು. ಅರವತ್ತು ದಾಟಿದ ಹೆಂಗಸು, ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು, ಕೊಟ್ಟಿಗೆಗೆ ಹೊದಿಸುವ ಮುಳಿಹುಲ್ಲು ಕೊಯ್ಯಲು ಗುಡ್ಡಕ್ಕೇ ಹೊರಟು ನಿಂತಿದ್ದಳು. ಅವಳ ಬಾಯಲ್ಲಿ ಅದು ಬರೀ ಹುಲ್ಲುಗುಡ್ಡೆ. ಮೇಲಿಂದ ಸಮುದ್ರ ಕಾಣುತ್ತದೆಯೇ ಎಂದು ಇವರು ಕೇಳಿದ್ದಕ್ಕೆ, ಸುತ್ತಿನಲ್ಲಿ ಇದೊಂದರಿಂದಲೇ ಕಾಣುವುದು ಎಂದಳು. ಹಾಗಾದರೆ ಇದೇ ಎಂದು ಇವರು ಚಪ್ಪಲಿ ಬಿಚ್ಚಿಟ್ಟು ಬರಿಗಾಲಿನಲ್ಲಿ ನಿಂತರು. ಉಂಬಳ ಹತ್ತಿ ರಕ್ತ ಹೀರುವ ಕಾಡಿಗೆ ಬರಿಗಾಲಿನಲ್ಲಿ ಹೊರಟ ಗಂಡಸನ್ನು ಅಕ್ಕು ಕೆಳಗಿಂದ ಮೇಲೆ ನೋಡಿದಳು. ಬೋಟಿನವರಾ ಎಂದು ಕೇಳಿದಳು.

ಅವಳ ಹಿಂದೆ ಎರಡು ಗಂಟೆ ಕಾಡಿನೊಳಗೆ ಹತ್ತಿದೆವು. ಇಪ್ಪತ್ತು ವರ್ಷ ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತವಳು ನಾನು, ಆದರೆ ಅದು ಸಮತಟ್ಟು ನೆಲ. ಇಲ್ಲಿ ಅರ್ಧಕ್ಕೇ ಒಂದು ಕೋಲು ಹುಡುಕಿ ಊರಿಕೊಂಡೆ. ಇವರ ಪಾಡು ಇನ್ನೊಂದು ಥರ. ಅಲುಗುವ ಬೋಟಿನಲ್ಲಿ ಕಾಲು ಊರಿ ನಿಲ್ಲುವವರು, ಅಲುಗದ ನೆಲದಲ್ಲಿ ಪದೇ ಪದೇ ಮುಗ್ಗರಿಸುತ್ತಿದ್ದರು. ಒಂದು ತಿರುವಿನಲ್ಲಿ ಬಡಗು ಯಾವುದು ಎಂದು ನಾನು ಸುಮ್ಮನೆ ಕೇಳಿದೆ. ಇವರು ಕೈ ಎತ್ತಿದರು, ಇಳಿಸಿದರು, ಮತ್ತೆ ಬೇರೆ ಕಡೆಗೆ ಎತ್ತಿದರು. ಅಕ್ಕು ಮುಂದಿನಿಂದಲೇ ತಿರುಗದೆ ಮೂರನೆಯ ದಿಕ್ಕು ತೋರಿಸಿದಳು.

ಕಾಡು ಒಮ್ಮೆಗೇ ಮುಗಿಯಿತು. ಮರವೇ ಇಲ್ಲ. ಸೊಂಟದೆತ್ತರದ ಹುಲ್ಲು, ಬಣ್ಣ ತಿರುಗಲು ಶುರುವಾದದ್ದು, ಗಾಳಿಗೆ ಒಂದೇ ಕಡೆಗೆ ಮಲಗಿ ಏಳುತ್ತಿತ್ತು. ಕಾವಳದ ಮಂಜು ಬಂದು ಮುಚ್ಚುವುದು, ಹೋಗುವುದು. ಮುಚ್ಚಿದಾಗ ಮುಂದಿದ್ದ ಅಕ್ಕು ಮಾಯವಾಗುತ್ತಿದ್ದಳು. ಬಿಟ್ಟಾಗ ನಾವಂದುಕೊಂಡ ಕಡೆ ಇರದೆ ಬೇರೆಲ್ಲೋ ನಿಂತಿರುತ್ತಿದ್ದಳು. ಹತ್ತಿ ಆಯಿತು ಅನ್ನಿಸುವ ಏರಿನ ಹಿಂದೆ ಇನ್ನೊಂದು ಏರು. ಹಾಗೆ ನಾಲ್ಕು ಸಲವೋ ಐದು ಸಲವೋ ಆಯಿತು, ನಾನು ಎಣಿಸುವುದು ಬಿಟ್ಟೆ.

ನೆತ್ತಿಗೆ ಸ್ವಲ್ಪ ಕೆಳಗೆ, ಹುಲ್ಲಿನ ನಡುವೆ ಕೆಂಪು ಮಣ್ಣು ಕಿತ್ತುಬಂದ ಒಂದು ಜಾಗ ಕಂಡಿತು. ಎರಡು ಅಂಗಳದಷ್ಟು ದೊಡ್ಡದು. ಆಷಾಢದ ಮಳೆಗೆ ಜರಿದದ್ದು ಎಂದು ಅಕ್ಕು ಹೇಳಿದ್ದೇ ತಡ, ನನಗೆ ಕುಣಿಯುವಷ್ಟಾಯಿತು. ಇವರ ಬುದ್ಧಿ ಸರಿ ಇದೆ. ಗುಡ್ಡ ಜರಿದಿದೆ. ನಾನು ಕೆಳಗೆ ಕೂತು, ಮಣ್ಣು ದೊಡ್ಡದಾಗಿ ಕಾಣುವ ಹಾಗೆ, ಏಳು ಫೋಟೋ ತೆಗೆದೆ. ಇವರು ಆ ಮಣ್ಣನ್ನು ಕಾಲಿನಿಂದ ತಟ್ಟಿ ನೋಡುತ್ತಿದ್ದರು.

"ಇದ್ ಸೊಂಟ," ಎಂದರು. "ನಾ ಹೇಳದ್ದ್ ತಲಿ."

ಫೋಟೋದಲ್ಲಿ ಸೊಂಟ ಯಾವುದು ತಲೆ ಯಾವುದು ಎಂದು ಯಾರಿಗೆ ತಿಳಿಯುತ್ತದೆ ಎಂದು ನಾನು ಕೇಳಿದೆ. ಇವರು ಆಗಲೇ ಹತ್ತತೊಡಗಿದ್ದರು.

ನೆತ್ತಿಯ ಮೇಲೆ ಏನೂ ಇರಲಿಲ್ಲ. ಹುಲ್ಲು, ನಾಲ್ಕು ಕಪ್ಪು ಕಲ್ಲು, ಗಾಳಿ. ಕಾವಳ ತೆರೆದುಕೊಂಡಾಗ ಪಡುವಣದಲ್ಲಿ ಸಮುದ್ರ ತಗಡಿನ ಹಾಗೆ ಬೆಳ್ಳಗೆ ಬಿದ್ದಿತ್ತು. ಇವರು ಅದರ ಕಡೆ ಒಮ್ಮೆ ನೋಡಿ, ನಂತರ ಸುತ್ತ ಒಂದು ಸುತ್ತು ತಿರುಗಿದರು. ಇನ್ನೊಂದು ಸುತ್ತು ತಿರುಗಿದರು.

"ಇನ್ನೊಂದ್ ತಲಿ ಎಲ್ಲಿತ್ತ್?"

ಯಾವ ತಲೆ ಎಂದು ಅಕ್ಕು ಕೇಳಿದಳು. ಈ ಗುಡ್ಡಕ್ಕೆ ಎರಡು ತಲೆ ಇರಬೇಕಲ್ಲ ಎಂದು ಇವರು. ಇದಕ್ಕೆ ಇರುವುದು ಇದೊಂದೇ, ತಾನು ಹುಟ್ಟಿದಾಗಿನಿಂದಲೂ ಒಂದೇ, ಎಂದು ಅವಳು. ಇವರು ಗಾಬರಿಯಿಂದ ನೆತ್ತಿಯ ಅಂಚಿನುದ್ದಕ್ಕೂ ನಡೆದು ಕೆಳಗೆ ಇಣುಕಿದರು, ಉರುಳಿಬಿದ್ದ ತಲೆ ಅಲ್ಲೆಲ್ಲಾದರೂ ಇದೆಯೋ ಎನ್ನುವ ಹಾಗೆ. ನಂತರ ನಾವು ಬೇರೆ ಗುಡ್ಡಕ್ಕೆ ಬಂದಿದ್ದೇವೆ ಎಂದರು. ಸುಪ್ರೀತಾ ಗುರುತು ತಪ್ಪು ಹಾಕಿದ್ದಾಳೆ ಎಂದರು. ನಾನು ಫೋನು ತೆಗೆದು ತೋರಿಸಿದೆ, ನೀಲಿ ಚುಕ್ಕಿ ಗುರುತಿನ ಮೇಲೇ ಇತ್ತು. ನಮ್ಮೂರು ಎಲ್ಲಿದೆ ಎಂದಾದರೂ ಹೇಳಿ ಎಂದೆ. ಕತ್ತಲಲ್ಲೂ ಅಳಿವೆಯ ಬಾಯಿ ಹುಡುಕಿ ಬೋಟು ಒಳಗೆ ತರುವವರು ಇವರು. ಆ ಎತ್ತರದಿಂದ ಮೂರು ಹೊಳೆಬಾಯಿ ಕಾಣುತ್ತಿತ್ತು, ಗಂಗೊಳ್ಳಿ ಯಾವುದು ಎಂದು ಇವರಿಗೆ ಗೊತ್ತಾಗಲಿಲ್ಲ. ನನಗೂ ಗೊತ್ತಾಗಲಿಲ್ಲ. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು.

ಇವರು ಶೀನನಿಗೆ ಫೋನು ಮಾಡಿದರು. ಈಚೆಗೆ ಶೀನನನ್ನು ದಿನಾ ಬೆಳಿಗ್ಗೆ ಯಾರಾದರೂ ರಿಕ್ಷಾದಲ್ಲಿ ಬ್ರೇಕ್‌ವಾಟರಿನ ತುದಿಗೆ ತಂದು ಕುರ್ಚಿಯ ಮೇಲೆ ಕೂರಿಸುವುದು ಅಭ್ಯಾಸ. ಜೋಡುತಲೆ ಕಾಣುತ್ತದೆಯೇ ಎಂದು ಇವರು ಕೇಳಿದರು. ಕಾವಳ ಈಗಷ್ಟೇ ಬಿಟ್ಟಿದೆ, ಎರಡು ತಲೆಯೂ ಲಾಯ್ಕಾಗಿ ಕಾಣುತ್ತಿದೆ ಎಂದ ಶೀನ. ನಾನು ಅದರ ಮೇಲೇ ನಿಂತಿದ್ದೇನೆ, ಇಲ್ಲಿ ಒಂದೇ ಇದೆ ಎಂದರು ಇವರು.

"ಹಂಗಾರೆ ನೀ ಈಗ ಯಾವ್ ತಲಿ ಮೇಲ್ ಇದ್ದೆ ಮಾರಾಯ?" ಎಂದ ಶೀನ.

ಇವರು ಫೋನು ಇಟ್ಟು ಕಲ್ಲಿನ ಮೇಲೆ ಕೂತರು. ಅಕ್ಕು ಹುಲ್ಲು ಕೊಯ್ಯಲು ತೊಡಗಿದ್ದಳು. ಕೊಯ್ಯುತ್ತಲೇ, ಇನ್ನೊಂದು ತಲೆ ಬೇಕಾದರೆ ಅದೋ ಅಲ್ಲಿದೆ ಎಂದು ಕತ್ತಿ ಚಾಚಿ ಮೂಡುಬಡಗಿಗೆ ತೋರಿಸಿದಳು. ಅಲ್ಲಿ ದೂರದಲ್ಲಿ, ನಡುವೆ ಆಳವಾದ ಕಾಡುಕಣಿವೆ ಬಿಟ್ಟುಕೊಂಡು, ಇದೇ ಆಕಾರದ ಇನ್ನೊಂದು ಬೋಳುಗುಡ್ಡ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ಅರ್ಧ ದಿನದ ನಡಿಗೆ, ಅಲ್ಲಿಯ ಜನವೇ ಬೇರೆ ಎಂದಳು. ಅದರಾಚೆ, ಇನ್ನೂ ಬಡಗಿಗೆ, ಮತ್ತೂ ಒಂದು. ಅದು ಘಟ್ಟದ ಮೇಲಿನವರದ್ದು, ಹೆಸರು ತನಗೆ ಗೊತ್ತಿಲ್ಲ.

ಇವರು ಎದ್ದರು. ನೆತ್ತಿಯ ಬಡಗು ತುದಿಗೆ ನಡೆದು ತಿರುಗಿ ನೋಡಿದರು. ತೆಂಕು ತುದಿಗೆ ನಡೆದು ತಿರುಗಿ ನೋಡಿದರು. ಮತ್ತೆ ಬಡಗು ತುದಿಗೆ. ಹೀಗೆ ಹತ್ತು ಸಲ, ಹದಿನೈದು ಸಲ. ಹುಲ್ಲಿನಲ್ಲಿ ದಾರಿ ಬೀಳುವಷ್ಟು. ನಡೆಯುವಾಗ ಮುಖ ಮುಂದಕ್ಕಿಲ್ಲ, ಹೆಗಲ ಮೇಲಿಂದ ಹಿಂದಕ್ಕೆ. ನಡುವೆ ನಿಂತು ಕೈ ಚಾಚಿ ಬೆರಳು ಎತ್ತುವುದು, ಗೊಣಗುವುದು. ಬಂದರಿನವರು ಹೇಳಿದ್ದು ಇದನ್ನೇ, ನಾನೇ ಇಷ್ಟು ದಿನ ನೋಡಲಿಲ್ಲ ಎಂದುಕೊಂಡೆ. ಇವರನ್ನು ಆ ಕಾಡಿನ ದಾರಿಯಲ್ಲಿ ಕೆಳಗೆ ಇಳಿಸುವುದು ಹೇಗೆ ಎಂದು ಯೋಚಿಸತೊಡಗಿದೆ.

"ಹೆಣ್ಣೇ, ನಿನ್ ಗಂಡ ಎಂತ ಹುಡ್ಕುದ್?" ಎಂದು ಅಕ್ಕು ಮೆಲ್ಲಗೆ ಕೇಳಿದಳು. ನನಗೆ ಗೊತ್ತಿಲ್ಲ ಎಂದೆ.

ಇವರು ನಮ್ಮಿಬ್ಬರನ್ನೂ ಕರೆದರು. ನನ್ನನ್ನು ಒಂದು ಕಡೆ ನಿಲ್ಲಿಸಿದರು. ನನ್ನ ಹಿಂದೆ ಹತ್ತು ಮಾರು ದೂರದಲ್ಲಿ, ಸ್ವಲ್ಪ ಎಡಕ್ಕೆ, ಅಕ್ಕುವನ್ನು. ಅವಳಿಗೂ ಹಿಂದೆ, ಇನ್ನೂ ಎಡಕ್ಕೆ, ಅವಳು ಕಟ್ಟಿದ ಹುಲ್ಲಿನ ಹೊರೆಯನ್ನು ಎತ್ತಿ ನಿಲ್ಲಿಸಿದರು. ಅಲುಗಬೇಡಿ, ನೀವು ಗುಡ್ಡ ಎಂದರು. ತಾವು ನಮ್ಮೆದುರು ದೂರ ಹೋಗಿ, ಬೆರಳು ಎತ್ತಿಕೊಂಡು, ಅಡ್ಡಕ್ಕೆ ಮೆಲ್ಲನೆ ನಡೆಯತೊಡಗಿದರು. ನಡೆಯುತ್ತಾ ನಡೆಯುತ್ತಾ ನಿಂತುಬಿಟ್ಟರು. ನಾನು ಮುಂದಿನ ಗುಡ್ಡವಾದ್ದರಿಂದ ನನ್ನ ಹಿಂದೆ ಏನಾಗುತ್ತಿದೆ ಎಂದು ನನಗೆ ಕಾಣುವಂತಿರಲಿಲ್ಲ.

ಈಗ ನೀನು ಬಾ ಎಂದು ನನ್ನನ್ನು ತಮ್ಮ ಜಾಗಕ್ಕೆ ಕರೆದು, ತಾವು ನನ್ನ ಜಾಗದಲ್ಲಿ ನಿಂತರು. ನಾನು ಬೆರಳು ಎತ್ತಿದೆ. ಇವರ ತಲೆ, ಅಕ್ಕುವಿನ ತಲೆ, ನಡುವೆ ನನ್ನ ಬೆರಳು. ಹುಲ್ಲಿನ ಹೊರೆ ಎಲ್ಲೋ ಆಚೆ. ಬಲಕ್ಕೆ, ಅಂದರೆ ತೆಂಕಿಗೆ, ನಡೆ ಎಂದರು. ನಡೆದೆ. ಅಕ್ಕು ಇವರ ಹತ್ತಿರ ಬಂದಳು, ಬಂದು ಅಂಟಿಕೊಂಡಳು, ಸಂದು ಮುಚ್ಚಿತು. ಪಾರೆ ಎಂದರು ಇವರು. ಇನ್ನೂ ನಡೆ ಎಂದರು. ಅಕ್ಕು ಇವರ ಬೆನ್ನ ಹಿಂದೆ ಪೂರಾ ಮರೆಯಾದಳು. ಇನ್ನೆರಡು ಹೆಜ್ಜೆ ಇಟ್ಟೆ. ಅಕ್ಕು ಇದ್ದ ಜಾಗದಲ್ಲಿ, ಅಷ್ಟೇ ಎತ್ತರಕ್ಕೆ, ಹುಲ್ಲಿನ ಹೊರೆ ಬಂದು ನಿಂತಿತ್ತು. ಸಂದು ತೆರೆದಿತ್ತು. ನನ್ನ ಬೆರಳು ಅದರಲ್ಲಿ ಸರಿಯಾಗಿ ಹಿಡಿಸಿತು.

ಅದನ್ನು ನೋಡಿಯೂ ನನಗೆ ಕೂಡಲೇ ಅರ್ಥವಾಗಲಿಲ್ಲ. ಇವರೇ ಬಿಡಿಸಿ ಹೇಳಿದರು. ಜೋಡುತಲೆ ಎಂಬ ಗುಡ್ಡವೇ ಇಲ್ಲ. ಮುಂದೊಂದು, ಹಿಂದೊಂದು, ಸಮುದ್ರದಿಂದ ನೋಡುವವರಿಗೆ ಕೂಡಿಕೊಂಡು ಕಾಣುತ್ತವೆ. ಅಪ್ಪನಿಗೂ ಗೊತ್ತಿರಲಿಲ್ಲ, ಅಪ್ಪನ ಅಪ್ಪನಿಗೂ ಗೊತ್ತಿರಲಿಲ್ಲ; ನಮ್ಮವರು ಯಾರೂ ಇಲ್ಲಿಗೆ ಹತ್ತಿದವರಲ್ಲ. ನಮ್ಮವರು ಹೆಚ್ಚಾಗಿ ಬರುವುದು ಬಡಗಿನಿಂದ, ಆಗ ಲೆಕ್ಕ ಸರಿಯೇ. ಆ ಸಂಜೆ ಬೋಟು ಬಂದದ್ದು ತೆಂಕಿನಿಂದ. ಪಾರೆ ಇನ್ನೂ ದಾಟಿರಲಿಲ್ಲ. ಮರೆಯಾದ ಗುಡ್ಡದ ಜಾಗದಲ್ಲಿ ಮೂರನೆಯದು ನಿಂತು ಬೆರಳಿಗೆ ಸುಳ್ಳು ಹೇಳಿತ್ತು.

"ಮಿಶಿನ್ ಸರಿ ಇತ್ತ್," ಎಂದರು. ಎರಡು ತಿಂಗಳಲ್ಲಿ ಮೊದಲ ಸಲ.

ಎದುರಿರುವುದು ಹಿಂದಿರುವುದನ್ನು ಮುಚ್ಚುತ್ತದೆ, ಅದನ್ನು ನೋಡಲು ಇಷ್ಟು ಮೇಲೆ ಬರಬೇಕಿತ್ತಾ ಎಂದು ಅಕ್ಕು ತನ್ನ ಹೊರೆ ಮಲಗಿಸಿದಳು.

ನನಗೆ ಸಂತೋಷವಾಗಬೇಕೋ ದುಃಖವಾಗಬೇಕೋ ತಿಳಿಯಲಿಲ್ಲ. ಇವರ ಬುದ್ಧಿ ಕೆಟ್ಟಿಲ್ಲ, ಅದು ಸಂತೋಷ. ಆದರೆ ಗುಡ್ಡ ಜರಿದಿಲ್ಲ. ಹಾಗಾದರೆ ತಪ್ಪು ಇವರದೇ, ಶೀನನ ಕಾಲು ಮುರಿದ ಹೊಣೆ ಇವರ ಮೇಲೇ ಬಂತು. ಬುದ್ಧಿ ಕೆಟ್ಟವರಿಗಾದರೆ ಜನ ಕನಿಕರ ತೋರಿಸುತ್ತಾರೆ. ಕೆಳಗಿನ ಕೆಂಪು ಮಣ್ಣಿನ ಏಳು ಫೋಟೋ ನನ್ನ ಫೋನಿನಲ್ಲಿತ್ತು. ಮೂರು ಗುಡ್ಡದ ಈ ಕಥೆ ನಾವು ಮೂವರಲ್ಲದೆ ಇನ್ಯಾರಿಗೂ ಗೊತ್ತಿಲ್ಲ. ಅಕ್ಕುವಿಗಂತೂ ಬೇಕಾಗಿಲ್ಲ. ಸಾಹುಕಾರ್ರು ಫೋಟೋ ಕೇಳಿದ್ದಾರೆ, ಫೋಟೋ ಇದೆ, ಕೊಟ್ಟರೆ ಸಾಕಲ್ಲ ಎಂದೆ. ಮಗಳ ಓದನ್ನೂ ನೆನಪಿಸಿದೆ. ಇವರು ನನ್ನ ಮಾತು ಪೂರ್ತಿ ಕೇಳಿದರು.

"ಅಷ್ಟ್ ಸಣ್ಣ ಗಾಯ ತೋರ್ಸಿ ತಪ್ಪ್ ಗುಡ್ಡಿ ಮೇಲ್ ಹಾಕುದಾ? ಶೀನ ನನ್ ಹತ್ರ ಹೇಳಿದ್ದ, ಜಲಜ. ಬಾಯ್ ಬಿಟ್ಟ್ ಹೇಳಿದ್ದ."

ಇವರು ಮತ್ತೆ ಶೀನನಿಗೆ ಫೋನು ಮಾಡಿದರು. ಗಾಳಿಯಲ್ಲಿ ಕೇಳಿಸಲಿ ಎಂದು ಸ್ಪೀಕರ್ ಹಾಕಿದ್ದರು, ಹಾಗಾಗಿ ನನಗೂ ಕೇಳಿಸಿತು. ಇವರು ಸುತ್ತುಬಳಸಲಿಲ್ಲ. ಗುಡ್ಡ ಜರಿದಿಲ್ಲ, ನೀನು ಹೇಳಿದ್ದು ಸರಿ ಇತ್ತು, ನಾನು ತಪ್ಪಿದೆ ಎಂದರು. ಇವರು ಇನ್ನೊಮ್ಮೆ ಹೇಳಿದರು.

"ಎರ್ಡ್ ತಿಂಗ್ಳಾಯ್ತ್," ಎಂದ ಶೀನ. ಅವನ ದನಿ ಬೇರೆಯೇ ಆಗಿತ್ತು. "ಬಂದರ್ ಇಡೀ ನಿನ್ ಪರ ಸುಳ್ಳ್ ಹೇಳ್ಕಂಡ್ ಕೂತಿದ್ದೆ ನಾನ್. ನಿಂಗ್ ಬೆರ್ಳಿತ್ತ್, ನಂಗ್ ಕಾಲಿಲ್ಲೆ."

ಫೋನು ಕಟ್ಟಾಯಿತು. ಸಿಗ್ನಲ್ ಹೋಯಿತೋ ಅವನೇ ಇಟ್ಟನೋ ಹೇಳಲಾಗದು. ಇವರು ಮತ್ತೆ ಮಾಡಿದರು, ರಿಂಗಾಗಿ ರಿಂಗಾಗಿ ನಿಂತಿತು.

ಇಳಿಯತೊಡಗಿದೆವು. ಅಕ್ಕು ತಲೆಯ ಮೇಲೆ ಹೊರೆ ಹೊತ್ತು ಮುಂದೆ, ಇವರು ನಡುವೆ, ನಾನು ಹಿಂದೆ. ಕೆಂಪು ಮಣ್ಣಿನ ಜಾಗ ಬಂದಾಗ ಇವರು ಅದನ್ನು ಬಳಸಿಕೊಂಡು ಹೋದರು. ಸೋಮವಾರ ಸಾಹುಕಾರ್ರ ಹತ್ತಿರ ನಾನೇ ಹೋಗಿ ಹೇಳುತ್ತೇನೆ ಎಂದರು, ತಿರುಗಿ ನೋಡದೆ. ಸರಿ ಮಾಡಿದರೋ ತಪ್ಪು ಮಾಡಿದರೋ ಎಂದು ನಾನು ಇಳಿದಷ್ಟೂ ದಾರಿ ಯೋಚಿಸಿದೆ. ಒಂದು ತಿರುವಿನಲ್ಲಿ ಸರಿ ಅನ್ನಿಸುತ್ತಿತ್ತು. ಇನ್ನೊಂದು ತಿರುವಿನಲ್ಲಿ, ಸುಳ್ಳಿನಿಂದ ಯಾರಿಗೆ ಏನು ನಷ್ಟವಾಗುತ್ತಿತ್ತು, ನಿಜದಿಂದ ಶೀನನೂ ಹೋದನಲ್ಲ, ಅನ್ನಿಸುತ್ತಿತ್ತು.

ಅಕ್ಕುವಿನ ಅಂಗಳ ತಲುಪಿ, ಅವಳು ಕೊಟ್ಟ ನೀರು ಕುಡಿಯುವಾಗ ಇವರ ಫೋನು ಬಡಿದುಕೊಂಡಿತು. ಶೀನ. ಇವರು ತಂಬಿಗೆ ಕೆಳಗಿಟ್ಟು, ಒದ್ದೆ ಕೈ ಪಂಚೆಗೆ ಒರೆಸಿಕೊಂಡು ಎತ್ತಿದರು. ಹಲೋ ಇಲ್ಲ, ಏನಿಲ್ಲ.

"ಆ ಮೂರನೇದ್ ಎಲ್ಲಿಂದ ಕಾಂಬುಕ್ ಸುರು ಆತ್ತ್?" ಎಂದು ಕೇಳಿದ ಶೀನ. ದನಿಯಲ್ಲಿ ಸಿಟ್ಟು ಹಾಗೇ ಇತ್ತು. "ಬೇರೆ ಬೋಟಿನವ್ರೂ ಅದೇ ಬೆರ್ಳ್ ಎತ್ತುದಲ್ದಾ. ಸರೀ ಹೇಳ್."

ಇವರು ಅಂಗಳದಲ್ಲಿ ನಿಂತೇ ಹೇಳತೊಡಗಿದರು. ಮಲ್ಪೆ ಬದಿಯಿಂದ ಬರುವಾಗ ಮೊದಲು ಕಾಣುವುದನ್ನು ನಂಬಬಾರದು, ಅದು ಮೂರನೆಯದು. ಅದು ಎಡಕ್ಕೆ ಸರಿದು, ನಡುವಿನದು ಮುಂದಿನದರ ಬೆನ್ನಿನಿಂದ ಹೊರಗೆ ಬಂದು, ಒಂದು ಬೆರಳು ಬಿಡುವವರೆಗೆ ತಿರುಗಬಾರದು. ಶೀನ ನಡುವೆ ತಡೆದು ಏನೋ ಕೇಳಿದ, ಬೈದ ಹಾಗೂ ಕೇಳಿಸಿತು. ಇವರು ಇಲ್ಲ ಇಲ್ಲ, ಮೊದಲಿನಿಂದ ಕೇಳು ಎಂದು ಮತ್ತೆ ಶುರು ಮಾಡಿದರು. ಫೋನಿಗೆ ಕಾಣುವುದಿಲ್ಲ ಎನ್ನುವುದು ಮರೆತು ಬಲಗೈಯಲ್ಲಿ ಗಾಳಿಯಲ್ಲಿ ಗುಡ್ಡಗಳನ್ನು ಇಡುತ್ತಿದ್ದರು. ಅವನು ಕ್ಷಮಿಸಿದನೋ, ಬರೀ ಕೆಲಸದ ಮಾತೋ, ನನಗೆ ಗೊತ್ತಾಗಲಿಲ್ಲ. ಇವರಿಗೂ ಗೊತ್ತಿದ್ದ ಹಾಗೆ ಕಾಣಲಿಲ್ಲ. ಹೊತ್ತು ಇಳಿಯುತ್ತಿತ್ತು, ಹೊರಡೋಣ ಎಂದು ನಾನು ಎರಡು ಸಲ ಸನ್ನೆ ಮಾಡಿದೆ, ಇವರು ಕೈ ಅಡ್ಡ ಹಿಡಿದು, ಮೂರನೆಯ ಸಲ ಮೊದಲಿನಿಂದ ಹೇಳತೊಡಗಿದರು.